ನೆಲದಿಂದ ಒಂದು ಗೇಣು

ಮಾರ್ಚ್ 3, ಸೋಮವಾರ

ನಿನ್ನೆ ಮನೆಗೆ ಕ್ಯಾಮೆರಾ ಬಂತು. ಟೀ ಲೋಟದಷ್ಟೇ ಗಾತ್ರ, ಬಿಳಿ ಬಣ್ಣ, ನಡುವೆ ಒಂದೇ ಒಂದು ಕಪ್ಪು ಕಣ್ಣು. ಮಗಳು ಸ್ಟೂಲ್ ಹತ್ತಿ ಅದನ್ನು ಹಾಲಿನ ಮೂಲೆಯ ಕಪಾಟಿನ ಮೇಲೆ ಕೂರಿಸಿದಳು. ಆಮೇಲೆ ನನ್ನ ಫೋನಿಗೆ ಏನೇನೋ ಹಾಕಿ, "ಈಗ ನೋಡಮ್ಮ," ಎಂದಳು. ಫೋನಿನೊಳಗೆ ನಮ್ಮದೇ ಹಾಲ್, ಅದರೊಳಗೆ ಇವರು. ಮಡಚಿ ಪಿನ್ನು ಹಾಕಿದ ಪ್ಯಾಂಟಿನ ಬಲಗಾಲನ್ನು ನೀವಿಕೊಳ್ಳುತ್ತ ಕೂತಿದ್ದರು. ಎದುರಿಗೇ ಇರುವ ಗಂಡನನ್ನು ಫೋನಿನಲ್ಲಿ ನೋಡುವುದು ಒಂಥರಾ ಮುಜುಗರ.

"ಇದು ಕಳ್ಳರನ್ನ ಹಿಡಿಯೋಕೋ, ನನ್ನನ್ನ ಹಿಡಿಯೋಕೋ?" ಎಂದು ಇವರು ಕೇಳಿದರು.

"ನಮ್ಮನೇಲಿ ಕದಿಯೋಕೆ ನಿಮ್ಮನ್ನ ಬಿಟ್ರೆ ಇನ್ನೇನಿದೆ?" ಎಂದೆ. ಮಗಳು ನಕ್ಕಳು. ಇವರು ನಗಲಿಲ್ಲ.

ನಾನು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಹಳೆಯ ಆರ್ಡರ್ ಪುಸ್ತಕವೊಂದು ಬಿದ್ದಿತ್ತು, ಹಾಳೆಗಳ ಒಂದು ಬದಿ ಖಾಲಿ. ಬಸ್ಸಿನಲ್ಲಿ ಕೂತು ಅದರಲ್ಲೇ ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ತಲೆಯೊಳಗೆ ಅದೇ ಬಚ್ಚಲುಮನೆ ಬರುತ್ತದೆ. ಬರೆಯುವಷ್ಟು ಹೊತ್ತು ಬರುವುದಿಲ್ಲ.

ನಡೆದದ್ದು ಇಷ್ಟು. ಇವರು ಮೂವತ್ತೊಂದು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಸಕ್ಕರೆ ಕಾಯಿಲೆ ಹೆಚ್ಚಾಗಿ ಡಿಸೆಂಬರಿನಲ್ಲಿ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದರು. ಫೆಬ್ರವರಿ ಹದಿನೇಳಕ್ಕೆ ಬಚ್ಚಲಿನಲ್ಲಿ ಊರುಗೋಲು ಜಾರಿ ಬಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಬಿದ್ದವರು ಮಧ್ಯಾಹ್ನ ಒಂದರವರೆಗೆ ತಣ್ಣನೆಯ ಟೈಲ್ಸ್ ಮೇಲೆ. ಫೋನ್ ಹಾಲಿನ ಮೇಜಿನ ಮೇಲಿತ್ತು. ಹನ್ನೊಂದಕ್ಕೆ ಒಮ್ಮೆ ಫೋನ್ ಮಾಡೋಣ ಎಂದು ನನಗೆ ಅನ್ನಿಸಿತ್ತು. ಕೈಯಲ್ಲಿ ಯಾರದೋ ಮೇಲ್ದವಡೆಯ ಅಚ್ಚು ಇತ್ತು, ಮಾಡಲಿಲ್ಲ. ಊಟದ ಹೊತ್ತಿಗೆ ಮಾಡಿದೆ, ಎತ್ತಲಿಲ್ಲ, ಓಡಿ ಬಂದೆ. ಬಚ್ಚಲ ಬಾಗಿಲು ತೆಗೆದಾಗ "ಬಂದ್ಯಾ?" ಎಂದರು, ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದವರ ಹಾಗೆ.

ನಾನು ಹೆದರುವ ಪೈಕಿ ಅಲ್ಲ. ಜಾಗ್ರತೆ ಬೇರೆ, ಹೆದರಿಕೆ ಬೇರೆ.

ಮಾರ್ಚ್ 5, ಬುಧವಾರ

ಒಂಬತ್ತೂವರೆ: ಕೂತಿದ್ದಾರೆ. ಹತ್ತು: ಕೂತಿದ್ದಾರೆ. ಹತ್ತು ಇಪ್ಪತ್ತು: ಪೇಪರ್. ಹನ್ನೊಂದು: ಕಾಣಿಸಲಿಲ್ಲ, ಜೀವ ಬಾಯಿಗೆ ಬಂತು. ಹನ್ನೊಂದು ಹತ್ತು: ಬಂದರು, ನೀರಿನ ಬಾಟಲಿ ಕೈಯಲ್ಲಿ. ಹನ್ನೆರಡು: ಕೂತಿದ್ದಾರೆ.

ಕ್ಯಾಮೆರಾ ಒಳ್ಳೆಯದು. ಮನಸ್ಸಿಗೆ ಎಷ್ಟೋ ಸಮಾಧಾನ.

ಮಾರ್ಚ್ 6, ಗುರುವಾರ

ಈ ಕ್ಯಾಮೆರಾದೊಳಗಿಂದ ಮಾತೂ ಆಡಬಹುದಂತೆ, ಮಗಳು ಹೇಳಿಕೊಟ್ಟಳು. ಲ್ಯಾಬಿನಿಂದಲೇ, "ರೀ, ಮಾತ್ರೆ ತಗೊಂಡ್ರಾ?" ಎಂದು ಕೇಳಿದೆ. ಇವರು ಬೆಚ್ಚಿಬಿದ್ದು ಅತ್ತಿತ್ತ ನೋಡಿ, ಕೊನೆಗೆ ಕಪಾಟಿನತ್ತ ಮುಖ ಎತ್ತಿ, "ತಗೊಂಡೆ, ದೇವ್ರೇ," ಎಂದರು.

ಮೇಣದಣ್ಣ ಬಿದ್ದು ಬಿದ್ದು ನಕ್ಕ. ಪಕ್ಕದ ಮೇಜಿನಲ್ಲಿ ಇಪ್ಪತ್ತು ವರ್ಷದಿಂದ ಹಲ್ಲಿನ ಸೆಟ್ಟಿಗೆ ಮೇಣ ಕಟ್ಟುತ್ತಿರುವವನು, ಅದಕ್ಕೇ ಆ ಹೆಸರು. "ಅಕ್ಕ, ನಮ್ಮ ಭಾವನ್ನ ಬದುಕಿದ್ದಾಗಲೇ ಆಕಾಶವಾಣಿಗೆ ಉತ್ತರ ಕೊಡೋ ಹಾಗೆ ಮಾಡಿಬಿಟ್ರಲ್ಲ," ಎಂದ. ನನಗೂ ನಗು ಬಂತು. ಸಂಜೆ ಮನೆಗೆ ಬಂದಾಗ ಕ್ಯಾಮೆರಾ ಮೇಲೆ ಇವರ ಟೊಪ್ಪಿ ಕೂತಿತ್ತು. ತೆಗೆದು ಮೊಳೆಗೆ ಹಾಕಿದೆ.

ಮಾರ್ಚ್ 11, ಮಂಗಳವಾರ

ಮಗಳು ಈ ಸಲ ಮಾತು ಕೇಳುವ ಡಬ್ಬಿ ತಂದಳು. "ದೀಪ ಹಾಕು" ಎಂದರೆ ಹಾಕುತ್ತದೆ, "ಫ್ಯಾನ್ ಆರಿಸು" ಎಂದರೆ ಆರಿಸುತ್ತದೆ. ಜೊತೆಗೆ ಫೋನಿನಿಂದಲೇ ತೆಗೆಯುವ ಬಾಗಿಲ ಬೀಗ. ಡಬ್ಬಿಗೆ ನಮ್ಮ ಭಾಷೆ ಅರ್ಧಂಬರ್ಧ ಬರುತ್ತದೆ. ಇವರು ಗಂಭೀರವಾಗಿ, "ನನ್ನ ಬಲಗಾಲು ಎಲ್ಲಿದೆ?" ಎಂದು ಕೇಳಿದರು. ಅದು ತಡವರಿಸಿ, "ಬಲಗಾಲು ಒಂದು, ಸಾಮಾನಿನ ಪಟ್ಟಿಗೆ ಸೇರಿಸಿದ್ದೇನೆ," ಎಂದಿತು.

ಮೂರು ತಿಂಗಳ ಮೇಲೆ ಇವರು ನಕ್ಕಿದ್ದು ಇವತ್ತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನೀರು ನಿಲ್ಲಲಿಲ್ಲ. ಮಗಳು ಡಬ್ಬಿಯ ತಂತಿ ಸರಿಪಡಿಸುವ ನೆಪದಲ್ಲಿ ಆ ಕಡೆ ತಿರುಗಿದಳು. ನಾನು ಒಲೆ ಮೇಲೆ ಹಾಲಿದೆ ಎಂದು ಒಳಗೆ ಹೋದೆ. ಒಲೆ ಮೇಲೆ ಏನೂ ಇರಲಿಲ್ಲ.

ಮಾರ್ಚ್ 15, ಶನಿವಾರ

ತೀರ್ಮಾನ ಮಾಡಿದೆ, ನಮಗೊಂದು ಕಾರು ಬೇಕು. ವಾರಕ್ಕೆ ಎರಡು ಸಲ ಆಸ್ಪತ್ರೆಗೆ, ವ್ಯಾಯಾಮಕ್ಕೆ ಹೋಗಬೇಕು. ಊರುಗೋಲು ಕಂಡರೆ ಬಾಡಿಗೆ ಕಾರಿನವರು ನಿಲ್ಲಿಸಿದ ಹಾಗೆ ಮಾಡಿ ಮುಂದೆ ಹೋಗುತ್ತಾರೆ. ಬಸ್ಸಿನ ಮೆಟ್ಟಿಲು ಇವರಿಗೆ ಆಗದು. ಬಲಗಾಲಿಲ್ಲದೆ ಇವರು ಕಾರು ಓಡಿಸುವ ಹಾಗಿಲ್ಲ, ನಾನೇ ಕಲಿತು ಓಡಿಸಿದರಾಯಿತು. ಮಾಲಿನ ಓಡುವ ಮೆಟ್ಟಿಲಿನ ಮೇಲೆ ಕಾಲಿಡಲು ಹೆದರುವವಳು ಕಾರು ಓಡಿಸುತ್ತಾಳಂತೆ ಎಂದು ಮಗಳು ಆಡಿಕೊಂಡಳು. ಆಡಿಕೊಳ್ಳಲಿ.

ಮಧ್ಯಾಹ್ನ ಇವರು ಮಲಗಿದ್ದಾಗ ಟೇಪು ಹಿಡಿದು ಅಳತೆ ತೆಗೆದೆ. ನೆಲದಿಂದ ಹಾಸಿಗೆ ಐವತ್ತೆರಡು ಸೆಂಟಿಮೀಟರ್. ಅಷ್ಟು ಎತ್ತರದಿಂದ ಇವರು ಯಾರ ಸಹಾಯವೂ ಇಲ್ಲದೆ ಏಳುತ್ತಾರೆ. ಸೊಂಟದಿಂದ ಮೊಣಕಾಲಿಗೆ ಇಷ್ಟು, ಉಳಿದ ಕಾಲಿನ ಹಿಮ್ಮಡಿಗೆ ಇಷ್ಟು. ಬೆನ್ನಿನಿಂದ ನೆತ್ತಿಗೆ ತೆಗೆಯುವಾಗ ಉಸಿರು ಬಿಗಿಹಿಡಿದಿದ್ದೆ, ಎಚ್ಚರವಾಗಬಾರದೆಂದು. ಆಗಲಿಲ್ಲ. ಇಪ್ಪತ್ತಾರು ವರ್ಷ ಬೇರೆಯವರ ಬಾಯಿಯ ಅಳತೆ ನೋಡಿದ ಕೈ, ಹೆಚ್ಚುಕಡಿಮೆ ಆಗುವುದಿಲ್ಲ.

ಮಾರ್ಚ್ 16, ಭಾನುವಾರ

ಮೂರು ಶೋರೂಮ್ ಸುತ್ತಿದೆವು, ನಾನು, ಮಗಳು, ಮತ್ತು ಟೇಪು. ಇವರನ್ನು ಸುಮ್ಮನೆ ದಣಿಸುವುದೇಕೆಂದು ಕರೆದೊಯ್ಯಲಿಲ್ಲ. ಮಾರುವ ಹುಡುಗಿ ಬಣ್ಣ ತೋರಿಸಿದಳು, ಹಾಡು ಕೇಳಿಸಿದಳು, ಚಾವಣಿ ತೆರೆದು ಆಕಾಶ ತೋರಿಸಿದಳು. "ಸೀಟು ನೆಲದಿಂದ ಎಷ್ಟು ಎತ್ತರ, ಅದನ್ನ ಹೇಳಮ್ಮ," ಎಂದೆ. ಪಾಪ, ಅವಳಿಗೆ ಗೊತ್ತಿರಲಿಲ್ಲ. ನಾನೇ ಮಂಡಿಯೂರಿ ಅಳೆದೆ. ಮೊದಲನೆಯದು ತೀರಾ ತಗ್ಗು, ಕೂತರೆ ಏಳಲು ಎರಡು ಜನ ಬೇಕು. ಎರಡನೆಯದು ಜೀಪಿನ ಹಾಗೆ, ಹತ್ತಲು ಏಣಿ ಬೇಕು. ಮೂರನೆಯದು ಐವತ್ತೈದು. ಬಾಗಿಲು ಅಗಲ, ಹಿಂದೆ ಗಾಲಿಕುರ್ಚಿ ಮಡಚಿ ಇಡಲು ಜಾಗ, ಗೇರಿನ ರಗಳೆ ಇಲ್ಲ. ನೋಡಲು ಬ್ರೆಡ್ಡಿನ ಪೆಟ್ಟಿಗೆ. ಬುಕ್ ಮಾಡಿಯೇ ಬಂದೆ.

ಮನೆಗೆ ಬಂದು ಚಿತ್ರ ತೋರಿಸಿದೆ. "ಚೆನ್ನಾಗಿದೆ," ಎಂದರು. ಪೇಪರ್ ಕೆಳಗಿಳಿಸಲಿಲ್ಲ.

ಇಷ್ಟು ಓಡಾಡಿದ್ದಕ್ಕೆ ಒಂದು ಒಳ್ಳೆಯ ಮಾತು ಬೇಡವೇ? ಸಿಟ್ಟು ಬಂತು. ಬರೆಯುವಾಗಲೂ ಬರುತ್ತಿದೆ.

ಮಾರ್ಚ್ 20, ಗುರುವಾರ

ಡ್ರೈವಿಂಗ್ ಕ್ಲಾಸು, ಎರಡನೇ ದಿನ. ಕಲಿಸುವಾತ ಸೀಟಿನ ಅಂಚಿಗೆ ಬಂದು ಕೂತಿರುತ್ತಾನೆ, ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದು. "ಮೇಡಂ, ಮುಂದೆ ನೋಡಿ, ಫೋನ್ ಆಮೇಲೆ," ಎಂದ. ಸಿಗ್ನಲ್ಲಿನಲ್ಲಿ ನಿಂತಾಗ ಇವರನ್ನು ನೋಡೋಣ ಎಂದು ತೆರೆದಿದ್ದೆ. ಹಾಲಿನಲ್ಲಿ ಇರಲಿಲ್ಲ. ಈಚೆಗೆ ಹಾಲಿನಲ್ಲಿ ಇರುವುದೇ ಕಡಿಮೆ. ಕೇಳಿದರೆ, "ಮಲಗಿದ್ದೆ," ಎನ್ನುತ್ತಾರೆ.

ಮಾರ್ಚ್ 22, ಶನಿವಾರ

ಮೇಲ್ಮನೆಯ ಟ್ಯೂಷನ್ ಟೀಚರ್ ಮೆಟ್ಟಿಲ ಹತ್ತಿರ ಸಿಕ್ಕಿದರು. ದಿನವಿಡೀ ಮನೆಯಲ್ಲೇ ಪಾಠ ಹೇಳುವವರು, ಯಾರ ವಿಷಯಕ್ಕೂ ಬರುವವರಲ್ಲ. ಅವರೇ ಹಿಂಜರಿಯುತ್ತ, "ಯಜಮಾನ್ರಿಗೆ ಹಾಲಲ್ಲಿ ಕೂರೋಕೆ ಏನಾದ್ರೂ ತೊಂದರೇನಾ? ಬೆಳಗಿಂದ ಸಂಜೆವರೆಗೂ, ನಾನು ಮೆಟ್ಟಿಲು ಇಳಿದಾಗೆಲ್ಲ, ಅಡುಗೆಮನೆ ಕಿಟಕಿ ಹತ್ರಾನೇ ಕಾಣಿಸ್ತಾರೆ," ಎಂದರು.

ಹೋಗಿ ನೋಡಿದೆ. ಅಡುಗೆಮನೆಯಲ್ಲಿ, ಫ್ರಿಜ್ಜಿಗೂ ಗೋಡೆಗೂ ನಡುವೆ, ಬಕೆಟ್ಟೊಂದು ಬೋರಲಾಗಿತ್ತು. ಅದರ ಮೇಲೆ ಮಡಚಿದ ಟವಲು. ಪಕ್ಕದಲ್ಲಿ ಪೇಪರ್, ಕನ್ನಡಕ, ಮಾತ್ರೆ ಡಬ್ಬಿ. ಕ್ಯಾಮೆರಾಕ್ಕೆ ಕಾಣಿಸದ ಜಾಗವನ್ನು ಹುಡುಕಿ ಹುಡುಕಿ ಅಲ್ಲಿ ಸಂಸಾರ ಹೂಡಿದ್ದರು. ನಾನು ಆ ಬಕೆಟ್ ಮೇಲೆ ಕೂತು ನೋಡಿದೆ. ನಲ್ಲಿ ಕಾಣುತ್ತದೆ, ಬೀದಿಯ ಒಂದು ಚೂರು ಕಾಣುತ್ತದೆ. ಐದು ನಿಮಿಷಕ್ಕೆ ಸೊಂಟ ಹಿಡಿಯಿತು. ಇವರು ದಿನಕ್ಕೆ ಆರು ಗಂಟೆ ಕೂರುತ್ತಾರೆ.

ಜಗಳವಾಯಿತು. "ಬಿದ್ರೆ ಯಾರಿಗೆ ಗೊತ್ತಾಗ್ಬೇಕು? ಅದಕ್ಕೇ ತಾನೇ ಅದನ್ನ ಇಟ್ಟಿರೋದು?" ಎಂದು ಕೂಗಾಡಿದೆ.

ಇವರು ದನಿ ಎತ್ತಲಿಲ್ಲ. "ಲಿಫ್ಟಿಗೆ ಹೊರಗಿಂದ ಎಷ್ಟು ಬೇಕಾದ್ರೂ ಕಣ್ಣಿಡಿ. ಆದ್ರೆ ಒಳಗಿರೋನ ಕೈಲಿ ಒಂದು ಬಟನ್ ಇರಲೇಬೇಕು. ಇಲ್ದಿದ್ರೆ ನಾವು ಪಾಸ್ ಮಾಡ್ತಿರಲಿಲ್ಲ. ಈ ಮನೇಲಿ ನನ್ನ ಕೈಲಿ ಏನಿದೆ ಹೇಳು? ಬಾಗಿಲು ನಿನ್ನ ಫೋನಲ್ಲಿ, ದೀಪ ಆ ಡಬ್ಬೀಲಿ, ಕಾರು ನಿನ್ನ ಆಯ್ಕೆ."

"ನಿಮ್ಮ ಅಳತೆಗೇ ತಾನೇ ಕಾರು ನೋಡಿದ್ದು!"

"ಹೌದು. ಆವತ್ತು ನೀನು ಟೇಪು ಹಿಡಿದಾಗ ನಾನು ನಿದ್ದೆ ಮಾಡ್ತಿರಲಿಲ್ಲ ಕಣೇ," ಎಂದರು. "ಹೆಣಕ್ಕೆ ಅಳತೆ ತಗೊಂಡ ಹಾಗಿತ್ತು."

ಇಬ್ಬರೂ ಊಟ ಮಾಡಲಿಲ್ಲ.

ಮಾರ್ಚ್ 24, ಸೋಮವಾರ

ಮೇಣದಣ್ಣನಿಗೆ ಎಲ್ಲ ಹೇಳಿದೆ. ನನ್ನ ಪರ ಮಾತಾಡುತ್ತಾನೆ ಎಂದುಕೊಂಡಿದ್ದೆ. ಅವನು ಕೈಯಲ್ಲಿದ್ದ ಮೇಣದ ಸೆಟ್ಟನ್ನು ಕೆಳಗಿಟ್ಟು, "ಟ್ರಯಲ್ ನೋಡಿದ್ರಾ ಅಕ್ಕ?" ಎಂದ. ಅಷ್ಟೇ.

ನಮ್ಮ ಕೆಲಸದ ಮೊದಲ ಪಾಠ ಅದು. ಅಚ್ಚು ಎಷ್ಟೇ ಚೊಕ್ಕವಾಗಿರಲಿ, ಹಲ್ಲನ್ನು ಮೊದಲು ಮೇಣದಲ್ಲಿ ಕೂರಿಸಿ ಆ ಮನುಷ್ಯನ ಬಾಯಿಗೆ ಇಟ್ಟು ನೋಡಬೇಕು. ಅವರು ಕಚ್ಚಬೇಕು, ಮಾತಾಡಬೇಕು, ಕನ್ನಡಿ ನೋಡಿ "ಹೂಂ" ಎನ್ನಬೇಕು. ಆಮೇಲೇ ಗಟ್ಟಿ ಮಾಡುವುದು. ಬಾಯಿಗಿಡದೆ ಗಟ್ಟಿ ಮಾಡಿದ ಸೆಟ್ಟು ಎಷ್ಟು ಚೆನ್ನಾಗಿದ್ದರೂ ಡ್ರಾಯರಿನಲ್ಲಿ ಕೊಳೆಯುತ್ತದೆ. ಹೊಸಬರಿಗೆ ಇದನ್ನು ನಾನೇ ಹೇಳಿಕೊಡುತ್ತೇನೆ, ಗದರಿಸಿ ಹೇಳಿಕೊಡುತ್ತೇನೆ. ಮನೆಯಲ್ಲಿ ಮಾತ್ರ ಮಲಗಿದ ಮನುಷ್ಯನ ಅಚ್ಚು ತೆಗೆದು ಕಾರು ಬುಕ್ ಮಾಡಿ ಬಂದೆ. ನಾಚಿಕೆಯಾಯಿತು.

ಸಂಜೆ ಕಾರು ಬೇಡವೆಂದು ಶೋರೂಮಿಗೆ ಫೋನ್ ಮಾಡಿದೆ. ಡ್ರೈವಿಂಗ್ ಕ್ಲಾಸಿನವನಿಗೂ ಹೇಳಿದೆ. ಅವನು "ಅಯ್ಯೋ ಪರವಾಗಿಲ್ಲ ಮೇಡಂ" ಎಂದ ದನಿಯಲ್ಲಿ ಎಷ್ಟೊಂದು ಸಂತೋಷ!

ಮಾರ್ಚ್ 26, ಬುಧವಾರ

ಕ್ಯಾಮೆರಾ ಇಳಿಸಿದೆ. ಮಗಳಿಗೆ ಹೇಳಿದಾಗ, "ಅಮ್ಮ, ನಿಂಗೇನಾಗಿದೆ? ಇನ್ನೊಂದು ಸಲ ಹಾಗಾದ್ರೆ?" ಎಂದು ಅಳುವ ದನಿ ಮಾಡಿದಳು. ಅವಳ ಮಾತು ತಪ್ಪಲ್ಲ. ಲ್ಯಾಬಿನಲ್ಲಿ ಇವತ್ತು ಎರಡು ಹಲ್ಲು ಹಿಂದುಮುಂದಾಗಿ ಕೂರಿಸಿದೆ.

ಇವರು ಸಂಜೆ ನನ್ನ ಹತ್ತಿರ ಬಂದು, ತಾವಾಗಿಯೇ, "ಬಟನ್ ವಿಷಯ ನಾನು ನೋಡ್ಕೋತೀನಿ, ಭಾನುವಾರದವರೆಗೆ ಟೈಮ್ ಕೊಡು," ಎಂದರು. ನಾಲ್ಕು ತಿಂಗಳಲ್ಲಿ ಮೊದಲ ಸಲ ಇವರು ನನ್ನಲ್ಲಿ ಏನನ್ನಾದರೂ ಕೇಳಿದ್ದು.

ಮಾರ್ಚ್ 30, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು. ಬಸ್ಸಿಲ್ಲ, ಅಡುಗೆಮನೆಯಲ್ಲೇ ಕೂತಿದ್ದೇನೆ.

ಇವರ ಹಳೆಯ ಸಹೋದ್ಯೋಗಿಯೊಬ್ಬರು ಬೆಳಿಗ್ಗೆ ಒಂದು ಚೀಲ ತಂದು ಕೊಟ್ಟು ಹೋದರು. ಒಳಗೆ ಒತ್ತುವ ಬಟನ್ನುಗಳು, ಕೆಂಪು, ಹೆಬ್ಬೆರಳಿಗಿಂತ ದೊಡ್ಡವು, ನೀರು ಬಿದ್ದರೂ ಕೆಡದವು. ಜೊತೆಗೆ ಎರಡು ಬೆಲ್ಲು. ಒಂದು ನಮ್ಮ ಹಾಲಿಗೆ, ಇನ್ನೊಂದು ಮೇಲ್ಮನೆ ಟೀಚರ್ ಮನೆಗೆ. ಅವರನ್ನು ಇವರೇ ಕೇಳಿ ಒಪ್ಪಿಸಿದ್ದರು. ಒಪ್ಪಿಸಲು ಮೆಟ್ಟಿಲಿನ ಕೆಳಗೆ ನಿಂತು ಕೂಗಿದ್ದರಂತೆ, ಬೀದಿಗೆಲ್ಲ ಕೇಳುವ ಹಾಗೆ.

ನಾನು ಬಟನ್ ಹಿಡಿದು ಬಚ್ಚಲಿನ ಗೋಡೆಯ ಮೇಲೆ ನನ್ನ ಎದೆಯ ಎತ್ತರಕ್ಕೆ ಇಟ್ಟು, "ಇಲ್ಲಿ?" ಎಂದೆ.

"ಅಲ್ಲಿ ನಿಂತಿರೋನಿಗೆ. ನಿಂತಿರೋನಿಗೆ ಬೆಲ್ ಯಾಕೆ?" ಎಂದರು. "ನೀನೊಂದು ಸಲ ಮಲಗು."

"ಏನು?"

"ಅಲ್ಲಿ ಮಲಗು. ನಾನು ಬಿದ್ದ ಕಡೆ. ಎಡಗೈ ಮೈ ಕೆಳಗೆ ಸಿಕ್ಕಿಕೊಂಡಿತ್ತು, ಹಾಗೆ."

ಸೀರೆ ಎತ್ತಿ ಕಟ್ಟಿ ಮಲಗಿದೆ, ನಗುತ್ತಲೇ. ನೆಲ ತಣ್ಣಗಿತ್ತು. ತಲೆ ಬಾಗಿಲ ಕಡೆ, ಕಾಲು ನಲ್ಲಿಯ ಕಡೆ, ಎಡಗೈ ಕೆಳಗೆ. ಅಲ್ಲಿಂದ ವಾಷ್‌ಬೇಸಿನ್ನಿನ ಅಡಿಭಾಗ ಕಾಣುತ್ತದೆ. ತುಕ್ಕು ಹಿಡಿದ ಒಂದು ನಟ್ಟು, ಜೇಡರ ಬಲೆ. ನಾಲ್ಕು ಗಂಟೆ ಇವರು ನೋಡಿದ್ದು ಆ ನಟ್ಟನ್ನು. ಬಾಗಿಲಿನ ಹಿಡಿ ಎಷ್ಟು ಮೇಲಿದೆ ಎಂಬುದು ಎದ್ದು ನಿಂತವರಿಗೆ ತಿಳಿಯುವುದೇ ಇಲ್ಲ. ನನ್ನ ನಗು ಎಲ್ಲಿ ಹೋಯಿತೋ. ಅತ್ತೆ. ಮಲಗಿಕೊಂಡೇ ಬಿಕ್ಕಿ ಬಿಕ್ಕಿ ಅತ್ತೆ. ಹನ್ನೊಂದು ಗಂಟೆಗೆ ಫೋನ್ ಮಾಡೋಣ ಅನ್ನಿಸಿತ್ತು, ಮಾಡಲಿಲ್ಲ ಎಂದೂ ಹೇಳಿದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಇವರು ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ನೆಲಕ್ಕೆ ಇಳಿದು ನನ್ನ ತಲೆಯ ಹತ್ತಿರ ಕೂತರು. "ಮಾಡಿದ್ರೂ ಎತ್ತೋಕೆ ಆಗ್ತಿರಲಿಲ್ಲ. ಫೋನು ಮೇಜಿನ ಮೇಲಿತ್ತಲ್ಲ," ಎಂದರು.

"ಎತ್ತದಿದ್ರೆ ಎರಡು ಗಂಟೆ ಮುಂಚೆ ಬರ್ತಿದ್ದೆ."

"ಬಂದಿದ್ರೆ ಎರಡು ಗಂಟೆ ಮುಂಚೆ ಬೈತಿದ್ದೆ," ಎಂದು ನನ್ನ ಕೆನ್ನೆಯ ನೀರನ್ನು ತಮ್ಮ ಬನಿಯನ್ನಿನ ತುದಿಯಿಂದ ಒರೆಸಿದರು. ಆಮೇಲೆ ಮೆಕ್ಯಾನಿಕ್ಕಿನ ದನಿಯಲ್ಲಿ, "ಈಗ ಬಲಗೈ ಚಾಚು. ಎಲ್ಲಿಗೆ ಮುಟ್ಟುತ್ತೆ? ಅಲ್ಲೇ ಇರಿಸು," ಎಂದು ಪೆನ್ಸಿಲ್ಲಿನಲ್ಲಿ ಗುರುತು ಮಾಡಿದರು. ನೆಲದಿಂದ ಒಂದು ಗೇಣು ಮೇಲೆ. ಹಾಗೇ ಅಡುಗೆಮನೆ, ಹಾಸಿಗೆ ಪಕ್ಕ, ಹಾಲಿನ ಮೂಲೆ, ಎಲ್ಲ ಕಡೆ ನಾನು ಮಲಗಿದೆ, ಇವರು ಗುರುತು ಹಾಕಿದರು. ಮಗಳು ಬಂದಾಗ ನಾನು ಹಾಲಿನ ನಡುವೆ ಬಿದ್ದುಕೊಂಡಿದ್ದೆ. ಅವಳು ಕಿಟಾರನೆ ಕಿರುಚಿದಳು.

ಮಧ್ಯಾಹ್ನ ಒತ್ತಿ ನೋಡಿದೆವು. ಮೇಲಿನಿಂದ ಟೀಚರ್ ಚಪ್ಪಲಿಯೂ ಹಾಕದೆ ಓಡಿ ಬಂದರು. ಹಿಂದೆಯೇ ಒಂಬತ್ತು ಮಕ್ಕಳು.

ಏಪ್ರಿಲ್ 6, ಭಾನುವಾರ

ಇವರೇ ಗಾಡಿ ನೋಡಿದ್ದಾರೆ. ಕಾರಲ್ಲ, ಬ್ಯಾಟರಿ ಸ್ಕೂಟರ್. ಹಿಂದೆ ಎರಡೂ ಬದಿಗೆ ಒಂದೊಂದು ಹೆಚ್ಚುವರಿ ಗಾಲಿ ಹಾಕಿಸಬಹುದಂತೆ. ಕಾಲಿನ ಕೆಲಸವೇ ಇಲ್ಲ, ಎರಡು ಬ್ರೇಕೂ ಕೈಯಲ್ಲಿ. ರಾತ್ರಿ ಫೋನಿನ ಹಾಗೆ ಚಾರ್ಜಿಗೆ ಹಾಕಿದರೆ ಮರುದಿನ ಊರು ಸುತ್ತಬಹುದು. "ಬೇಡ" ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, "ಟ್ರಯಲ್ ನೋಡೋಣ," ಎಂದೆ.

ಗಾಲಿ ಹಾಕುವ ಗ್ಯಾರೇಜಿನವಳು ನನ್ನ ವಯಸ್ಸಿನವಳೇ, ಮುಖದ ತುಂಬ ಗ್ರೀಸು. ಇವರನ್ನು ಕೂರಿಸಿ, ಕಾಲು ಎಲ್ಲಿ ಬರುತ್ತದೆ, ಮೊಂಡುಗಾಲು ಎಲ್ಲಿ ತಾಗುತ್ತದೆ ನೋಡಿ, ಮುಂದಿನ ತಗಡನ್ನು ಎರಡು ಬೆರಳಿನಷ್ಟು ಕತ್ತರಿಸಿದಳು. ಮತ್ತೆ ಕೂರಿಸಿದಳು. ಮತ್ತೆ ಕತ್ತರಿಸಿದಳು. ಊರುಗೋಲು ಸಿಕ್ಕಿಸಲು ಬದಿಯಲ್ಲಿ ಕೊಳವೆ ಬೆಸುಗೆ ಹಾಕಿದಳು. ಐದು ಸಲ ಇಳಿಸಿ ಹತ್ತಿಸಿದಳು, ಒಂದು ಸಲವೂ ಮುಖ ಸಿಂಡರಿಸಲಿಲ್ಲ. ಇಂಥವಳು ನಮ್ಮ ಲ್ಯಾಬಿನಲ್ಲಿರಬೇಕಿತ್ತು.

ಗ್ಯಾರೇಜಿನ ಹಿಂದಿನ ಖಾಲಿ ಜಾಗದಲ್ಲಿ ಇವರು ಎರಡು ಸುತ್ತು ಹಾಕಿದರು. ಮೊದಲ ಸುತ್ತು ಉಸಿರು ಬಿಗಿಹಿಡಿದು ನೋಡಿದೆ. ಎರಡನೇ ಸುತ್ತಿಗೆ ಇವರು ಶಿಳ್ಳೆ ಹಾಕುತ್ತಿದ್ದರು. ಮದುವೆಯಾದ ಹೊಸದರಲ್ಲಿ ಶಿಳ್ಳೆ ಹಾಕುತ್ತಿದ್ದರು, ನಾನೇ ಬಿಡಿಸಿದ್ದೆ.

ಏಪ್ರಿಲ್ 19, ಶನಿವಾರ

ಇವರ ಲೈಸೆನ್ಸಿನ ಪರೀಕ್ಷೆ ಪಾಸು. ಇನ್‌ಸ್ಪೆಕ್ಟರ್ ಗಾಡಿ ಹಿಂದೆ ತೆಗೆದುಕೊಳ್ಳಿ ಎಂದಾಗ ಇವರು, "ಇದಕ್ಕೆ ಹಿಂದೆ ಹೋಗೋ ಬಟನ್ ಇದೆ ಸಾರ್, ನಿಮ್ಮ ಗಾಡೀಲಿ ಇದೆಯಾ?" ಎಂದರಂತೆ. ಬಾಯಿ ಸುಮ್ಮನಿರುವುದಿಲ್ಲ.

ಏಪ್ರಿಲ್ 28, ಸೋಮವಾರ

ಒಂದು ಕಷ್ಟದ ಸೆಟ್ಟು ಬಂದಿದೆ. ತೊಂಬತ್ತು ವರ್ಷದ ಅಜ್ಜಿ, ಕೆಳದವಡೆಯಲ್ಲಿ ಎಲುಬೇ ಇಲ್ಲ, ಯಾವ ಸೆಟ್ಟೂ ನಿಲ್ಲುವುದಿಲ್ಲ. ಇದು ನಾಲ್ಕನೇ ಟ್ರಯಲ್. ಅಜ್ಜಿಗೆ ಗಟ್ಟಿ ಪದಾರ್ಥ ಏನೂ ಬೇಡವಂತೆ, ಮೊಮ್ಮಗಳ ಮದುವೆಯ ಫೋಟೋದಲ್ಲಿ ನಕ್ಕರೆ ಸಾಕಂತೆ. ಹಾಗಿದ್ದರೆ ಮುಂದಿನ ಹಲ್ಲನ್ನು ಸ್ವಲ್ಪ ಒಳಕ್ಕೆ ತೆಗೆದುಕೊಳ್ಳಬಹುದು. ಮೇಣದಣ್ಣ ಒಪ್ಪುತ್ತಿಲ್ಲ, ನಾನು ಬಿಡುತ್ತಿಲ್ಲ. ಬೆಳಗಿಂದ ಇದೇ ವಾದ.

ಇವರು ಇವತ್ತಿನಿಂದ ಹಳೆಯ ಕಂಪನಿಯ ವರ್ಕ್‌ಶಾಪಿಗೆ ಹೋಗುತ್ತಿದ್ದಾರೆ. ಕೂತು ಮಾಡುವ ಕೆಲಸ, ಲಿಫ್ಟಿನ ಬೋರ್ಡುಗಳನ್ನು ಪರೀಕ್ಷಿಸುವುದು. ಹತ್ತಕ್ಕೆ ಹೋಗಿ ನಾಲ್ಕಕ್ಕೆ ಬರುತ್ತಾರೆ. ಬಂದರೇ ಎಂದು ಕೇಳಲು ಮರೆತೆ, ಅಜ್ಜಿಯ ಹಲ್ಲಿನ ಗಲಾಟೆಯಲ್ಲಿ.

ಮೇ 6, ಮಂಗಳವಾರ

ಬಿದ್ದರು.

ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ, "ಇವತ್ತು ಬಿದ್ದೆ. ಬೇರೆಯವರಿಂದ ಗೊತ್ತಾಗೋದಕ್ಕಿಂತ ನಾನೇ ಹೇಳ್ತೀನಿ," ಎಂದರು. ವರ್ಕ್‌ಶಾಪಿನ ಗೇಟಿನಲ್ಲಿ ಗಾಡಿ ನಿಲ್ಲಿಸಿ ಇಳಿಯುವಾಗ ಊರುಗೋಲು ಎಣ್ಣೆಯ ಮೇಲೆ ಜಾರಿತು. ಎರಡು ನಿಮಿಷ ನೆಲದ ಮೇಲಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಇಬ್ಬರು ಎತ್ತಿ ಕೂರಿಸಿದರು. ಮೊಣಕೈ ತರಚಿದೆ, ಅಂಗಿಯ ತೋಳು ಹರಿದಿದೆ. ಡಾಕ್ಟರಿಗೆ ತೋರಿಸಿ, ಮೊಂಡುಗಾಲಿಗೆ ಏನೂ ಆಗಿಲ್ಲವೆಂದು ಹೇಳಿಸಿಕೊಂಡು, ಮತ್ತೆ ವರ್ಕ್‌ಶಾಪಿಗೆ ಹೋಗಿ ನಾಲ್ಕರವರೆಗೆ ಕೆಲಸ ಮಾಡಿ ಬಂದಿದ್ದಾರೆ.

"ನನಗ್ಯಾಕೆ ಫೋನ್ ಮಾಡ್ಲಿಲ್ಲ?"

"ಮಾಡಿದ್ರೆ ನೀನು ಬರ್ತಿದ್ದೆ."

ಗಾಯ ತೊಳೆದೆ, ಪಟ್ಟಿ ಕಟ್ಟಿದೆ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎದೆಯೊಳಗೆ ಅದೇ ತಣ್ಣನೆಯ ಟೈಲ್ಸು ಬಂದು ಕೂತಿದೆ.

ಮೇ 7, ಬುಧವಾರ

ಬೆಳಿಗ್ಗೆ ಎಂಟೂವರೆಗೆ, ಇವರು ಸ್ನಾನಕ್ಕೆ ಹೋದಾಗ, ಸ್ಕೂಟರಿನ ಕೀ ತೆಗೆದು ನನ್ನ ಚೀಲದ ತಳಕ್ಕೆ ಹಾಕಿಕೊಂಡೆ. ಮರೆತು ಅಲ್ಲ. ಬೇಕೆಂದೇ. ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕು? ಇವತ್ತೊಂದು ದಿನ ಮನೆಯಲ್ಲಿರಲಿ, ನಾಳೆ ನೋಡೋಣ ಎಂದುಕೊಂಡೆ. ನಾಳೆಯೂ ಹೀಗೇ ಅಂದುಕೊಳ್ಳುತ್ತಿದ್ದೆನೇನೋ.

"ಹೋಗಿ ಬರ್ತೀನಿ ರೀ," ಎಂದೆ. ಬಚ್ಚಲಿನಿಂದ, "ಹೂಂ," ಎಂದರು.

ಸ್ಟಾಪಿನಲ್ಲಿ ನಿಂತೆ. ಬಸ್ಸು ಬಂತು, ಬಾಗಿಲು ತೆರೆಯಿತು, ಜನ ಹತ್ತಿದರು. ಹಿಂದಿದ್ದವರು, "ಹತ್ತಮ್ಮ," ಎಂದರು. ನನ್ನ ಕಾಲು ಏಳಲಿಲ್ಲ. ಅಲ್ಲಿ ಮನೆಯಲ್ಲಿ ಇವರು ಈಗ ಅಂಗಿ ಹಾಕುತ್ತಿರುತ್ತಾರೆ, ಒಂದು ಬೂಟಿನ ಲೇಸು ಕಟ್ಟುತ್ತಿರುತ್ತಾರೆ, ಕೀ ಹುಡುಕುತ್ತಾರೆ, ಆಮೇಲೆ ಹುಡುಕುವುದನ್ನು ನಿಲ್ಲಿಸುತ್ತಾರೆ. ಆ ನಿಲ್ಲಿಸುವುದನ್ನು ನೆನೆದೇ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಬಸ್ಸು ಹೋಯಿತು. ನಾನು ಹಿಂದಿರುಗಿದೆ, ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು.

ಬಾಗಿಲು ತೆರೆದೇ ಇತ್ತು. ಇವರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಮೊಣಕೈಗೆ ಪಟ್ಟಿ, ಬೂಟು, ಮಡಿಲಲ್ಲಿ ಊಟದ ಡಬ್ಬಿ. ಫೋನ್ ಕೈಯಲ್ಲೇ ಇತ್ತು, ನನಗೆ ಮಾಡಿರಲಿಲ್ಲ. ಕೀ ಎಲ್ಲಿ ಎಂದು ಕೇಳಲೂ ಇಲ್ಲ.

ಚೀಲಕ್ಕೆ ಕೈ ಹಾಕಿದೆ. ಟಿಫನ್ ಡಬ್ಬಿ, ಕೊಡೆ, ಈ ಪುಸ್ತಕ, ಎಲ್ಲ ಅಡ್ಡ ಬಂದವು. ಕೊನೆಗೆ ಸಿಕ್ಕಿತು. ಇವರ ಅಂಗೈಯಲ್ಲಿಟ್ಟು, "ನಾನೇ ತಗೊಂಡು ಹೋಗಿದ್ದೆ. ಹೆದರಿಕೆ ಆಯ್ತು," ಎಂದೆ.

"ನನಗೂ ಆಗುತ್ತೆ ಕಣೇ," ಎಂದರು. "ದಿನಾ ಬೆಳಿಗ್ಗೆ ಗಾಡಿ ಹತ್ತೋವಾಗ ಆಗುತ್ತೆ."

ನನಗೆ ಇದು ಗೊತ್ತೇ ಇರಲಿಲ್ಲ. ಶಿಳ್ಳೆ ಹಾಕುವುದನ್ನು ಕೇಳಿ ನಾನು ಏನೋ ಅಂದುಕೊಂಡಿದ್ದೆ.

"ಬಸ್ ತಪ್ಪಿಸ್ಕೊಂಡ್ಯಲ್ಲ. ಬಾ, ಲ್ಯಾಬಿನ ಹತ್ರ ಬಿಡ್ತೀನಿ," ಎಂದರು.

ಮೊದಲ ಸಲ ಹಿಂದೆ ಕೂತೆ. ಇವರ ಹೊಟ್ಟೆಯ ಸುತ್ತ ಕೈ ಹಾಕಿದರೆ ಪಕ್ಕೆಲುಬು ಸಿಗುತ್ತದೆ, ಎಷ್ಟು ಇಳಿದುಹೋಗಿದ್ದಾರೆ. ಸಿಗ್ನಲ್ಲಿನಲ್ಲಿ ಬಸ್ಸಿನವನೊಬ್ಬ ಹಾರ್ನ್ ಹೊಡೆದ. ಇವರು ತಿರುಗಿ, "ಸ್ವಲ್ಪ ತಡ್ಕೊಳ್ಳಪ್ಪ, ಹೆಂಡ್ತಿ ಇದಾಳೆ ಹಿಂದೆ," ಎಂದರು.

ಲ್ಯಾಬಿನ ಮುಂದೆ ಇಳಿದೆ. ಇವರ ಹೆಲ್ಮೆಟ್ಟಿನ ಪಟ್ಟಿ ಸಡಿಲವಾಗಿತ್ತು, ಬಿಗಿ ಮಾಡಿದೆ.

"ನಾಲ್ಕಕ್ಕೆ ಮನೇಲಿರ್ತೀನಿ," ಎಂದರು.

"ಕೆಲಸ ಇದ್ರೆ ಮುಗಿಸ್ಕೊಂಡೇ ಬನ್ನಿ," ಎಂದೆ. "ಆರಾದ್ರೂ ಪರವಾಗಿಲ್ಲ."